ಬೆಳ್ಳಿಯ ಪಾದರಕ್ಷೆಗಳು ಕೆಂಪಾದುದೇಕೆ?

ಅಮೆರಿಕದ ಲೇಖಕ ಎಲ್. ಫ್ರಾಂಕ್ ಬಾಮ್ 1900ರಲ್ಲಿ ಪ್ರಕಟಿಸಿದ ಮಕ್ಕಳ ಕಾದಂಬರಿಯಲ್ಲಿ ಡೊರೊತಿ ಎಂಬ ಬಾಲಕಿಯು ಸುಂಟರಗಾಳಿಗೆ ಸಿಕ್ಕಿ, ಮನೆಯೊಡನೆಯೇ ಹಾರಿ, ‘ಓಜ್’ ಎಂಬ ಮಾಯಾಲೋಕದಲ್ಲಿ ಇಳಿಯುತ್ತಾಳೆ. ಅಲ್ಲಿ ಆಕೆಗೆ ದೊರೆಯುವ ಮಾಂತ್ರಿಕ ಪಾದರಕ್ಷೆಗಳು ಬೆಳ್ಳಿಯವು. ಎಂ.ಜಿ.ಎಂ. ಸಂಸ್ಥೆಯು 1939ರಲ್ಲಿ ಇದೇ ಕಥೆಯನ್ನು ಚಲಚ್ಚಿತ್ರವಾಗಿ ಹೊರತಂದಾಗ ಅವು ಮಾಣಿಕ್ಯದ ಕೆಂಪನ್ನು ತಾಳಿದ್ದುವು. ಕಥೆಗೆ ಇದರಿಂದ ಯಾವ ಲಾಭವೂ ಇಲ್ಲ. ಕಾರಣವನ್ನು ಕ್ಯಾಮರಾದ ಒಡಲಿನಲ್ಲಿ ಹುಡುಕಬೇಕು.

ಆ ಚಿತ್ರಕ್ಕೆ ಬಳಸಿದುದು ‘ಟೆಕ್ನಿಕಲರ್’ ವಿಧಾನ. ಮಸೂರದ ಹಿಂದೆ ಇರಿಸಿದ ಗಾಜಿನ ಪಟ್ಟಕವೊಂದು ಒಳಬರುವ ಬೆಳಕನ್ನು ಎರಡು ಪಾಲು ಮಾಡುತ್ತಿದ್ದಿತು. ಒಂದು ಪಾಲು ಹಸಿರು ಶೋಧಕವನ್ನು ಹಾದು ಒಂದು ಫಿಲ್ಮಿನ ಮೇಲೆ ಬೀಳುತ್ತಿದ್ದಿತು. ಇನ್ನೊಂದು ಪಾಲು ಮುಖಕ್ಕೆ ಮುಖ ತಾಗಿ ಓಡುವ ಬೇರೆರಡು ಫಿಲ್ಮುಗಳ ಮೇಲೆ ಬಿದ್ದು, ನೀಲಿಯನ್ನೂ ಕೆಂಪನ್ನೂ ದಾಖಲಿಸುತ್ತಿದ್ದಿತು. ವಿಚಿತ್ರವೆಂದರೆ ಈ ಮೂರು ಫಿಲ್ಮುಗಳೂ ಕಪ್ಪು-ಬಿಳುಪಿನವೇ! ಅವುಗಳಿಂದ ಅಚ್ಚುಗಳನ್ನು ತಯಾರಿಸಿ, ಒಂದೊಂದಕ್ಕೂ ತಕ್ಕ ಬಣ್ಣವನ್ನು ಊಡಿ, ಒಂದರ ಮೇಲೊಂದರಂತೆ ಒತ್ತಿದಾಗ ವರ್ಣಚಿತ್ರವು ಮೂಡುತ್ತಿದ್ದಿತು. ಇಷ್ಟು ಖರ್ಚಿನ ಬಣ್ಣವನ್ನು ಪ್ರೇಕ್ಷಕರಿಗೆ ಕಣ್ತುಂಬ ತೋರಿಸಬೇಡವೆ? ಬೆಳ್ಳಿಗೆ ತನ್ನದೆಂಬ ಬಣ್ಣವಿಲ್ಲ. ಹಳದಿ ಇಟ್ಟಿಗೆಯ ದಾರಿಯ ಮೇಲೆ ಕೆಂಪು ಎದ್ದು ಕಾಣುತ್ತದೆ.

ಬೆಳಕು ಹೀಗೆ ಹಂಚಿಹೋಗುವುದರಿಂದ ಪ್ರಖರವಾದ ದೀಪಗಳು ಬೇಕಾಗುತ್ತಿದ್ದುವು. ಚಿತ್ರಶಾಲೆಯ ತಾಪವು 38 ಸೆಂಟಿಗ್ರೇಡನ್ನೂ ಮೀರುತ್ತಿದ್ದಿತು.

ಡೊರೊತಿಯ ಊರಾದ ಕಾನ್ಸಾಸನ್ನು ಬಾಮ್ ಬರಿಯ ಬೂದುಬಣ್ಣದ ನಾಡೆಂದು ವರ್ಣಿಸಿದ್ದನು. ಚಿತ್ರದಲ್ಲಿ ಆ ಭಾಗವು ಕಂದುಛಾಯೆಯ ಏಕವರ್ಣದಲ್ಲಿದೆ. ಆಕೆ ಬಾಗಿಲು ತೆರೆದೊಡನೆ ಬಣ್ಣದ ಲೋಕವು ಕಾಣಿಸುತ್ತದೆ. ಇದಕ್ಕೆ ಹೂಡಿದ ಉಪಾಯವು ಬಹು ಸರಳ: ಇಡೀ ದೃಶ್ಯವನ್ನು ಬಣ್ಣದಲ್ಲಿಯೇ ತೆಗೆದರು, ಆದರೆ ಮನೆಯ ಒಳಭಾಗಕ್ಕೆ ಕಂದುಬಣ್ಣ ಬಳಿದು, ಬದಲಿ ನಟಿಯೊಬ್ಬಳಿಗೆ ಕಂದು ಉಡುಪು ತೊಡಿಸಿ ಬಾಗಿಲು ತೆರೆಸಿದರು. ಆಕೆ ಮರೆಗೆ ಸರಿದ ಮೇಲೆ ನೀಲಿ ಉಡುಪಿನ ಜೂಡಿ ಗಾರ್ಲೆಂಡ್ ಮುಂದೆ ಬಂದಳು. ಸುಂಟರಗಾಳಿಯೂ ಇಂತಹುದೇ, ಅದು ಸುಮಾರು 35 ಅಡಿ ಉದ್ದದ, ತಿರುಗುವ ಬಟ್ಟೆಯ ಚೀಲ. ಆದರೆ ಕಾದಂಬರಿಯ ಒಂದು ಸೊಗಸು ಚಿತ್ರದಲ್ಲಿ ಉಳಿಯಲಿಲ್ಲ. ಬಾಮ್‌ನ ಪಚ್ಚೆಯ ಪಟ್ಟಣವು ಹಸಿರಾಗಿ ಕಾಣುವುದು ಅಲ್ಲಿಯವರು ಧರಿಸುವ ಹಸಿರು ಕನ್ನಡಕಗಳಿಂದ! ಚಿತ್ರದ ಪಟ್ಟಣವೋ ನಿಜವಾಗಿಯೇ ಹಸಿರು. ಇದು ನಷ್ಟವೆಂದೇ ನನ್ನ ಎಣಿಕೆ.

ಡಿಸ್ನಿಯ ‘ಸ್ನೋ ವೈಟ್’ 1937ರಲ್ಲಿ ಗಳಿಸಿದ ಯಶಸ್ಸೇ ಎಂ.ಜಿ.ಎಂ.ಗೆ ಪ್ರೇರಣೆಯಾಗಿದ್ದಿತು. ಆದರೆ ಡಿಸ್ನಿಯದು ಕೈಯಿಂದ ಬರೆದ ಚಿತ್ರಗಳ ಕೆಲಸ. ಬರೆದ ಚಿತ್ರವು ಅಲುಗಾಡದು; ಒಂದೇ ಚಿತ್ರವನ್ನು ಮೂರು ಶೋಧಕಗಳ ಮೂಲಕ ಮೂರು ಬಾರಿ ತೆಗೆದರಾಯಿತು. ತಗಡಿನ ಮನುಷ್ಯನನ್ನು ಸೃಷ್ಟಿಸಲು ಕುಂಚವೊಂದು ಸಾಕು. ಜೀವಂತ ನಟನಾದರೋ ಉಸಿರಾಡಬೇಕು. ತಗಡಿನ ಮನುಷ್ಯನ ಪಾತ್ರಕ್ಕಾಗಿ 1938ರಲ್ಲಿ ಬಡಿ ಎಬ್ಸೆನ್‌ನ ಮುಖಕ್ಕೆ ಅಲ್ಯೂಮಿನಿಯಂ ಪುಡಿಯನ್ನು ಬಳಿದಿದ್ದರು. ಪುಡಿಯು ಶ್ವಾಸಕೋಶಗಳನ್ನು ಸೇರಿ, ಅವನು ಉಸಿರಾಡಲಾರದೆ ಆಸ್ಪತ್ರೆಯ ಪಾಲಾದನು. ಅವನ ಸ್ಥಾನಕ್ಕೆ ಬಂದ ಜ್ಯಾಕ್ ಹೇಲಿಗೆ ಪುಡಿಯ ಬದಲು ಲೇಪವನ್ನು ಹಚ್ಚಿದರು. ಅದೇ ಡಿಸೆಂಬರಿನಲ್ಲಿ ಮಾಟಗಾತಿಯ ಪಾತ್ರದ ಮಾರ್ಗರೆಟ್ ಹ್ಯಾಮಿಲ್ಟನ್ ಬೆಂಕಿ-ಹೊಗೆಯ ನಡುವೆ ಮಾಯವಾಗಬೇಕಾದ ದೃಶ್ಯದಲ್ಲಿ ಮುಖವನ್ನೂ ಕೈಯನ್ನೂ ಸುಟ್ಟುಕೊಂಡಳು. ಆಕೆಯ ಹಸಿರು ಬಣ್ಣದಲ್ಲಿ ತಾಮ್ರವಿದ್ದಿತು. ಸುಟ್ಟ ಚರ್ಮದಿಂದ ಅದನ್ನು ಒಡನೆಯೇ ಒರೆಸಿ ತೆಗೆಯಬೇಕಾಯಿತು. ವಾರಗಳ ತರುವಾಯ ಮರಳಿ ಬಂದ ಆಕೆ ಹೊಗೆಯುಗುಳುವ ಪೊರಕೆಯ ಮೇಲೆ ಕುಳಿತುಕೊಳ್ಳಲು ಒಪ್ಪಲಿಲ್ಲ. ಬದಲಿಗೆ ಕುಳಿತ ನಟಿಯ ಕಾಲಿಗೆ, ಹೊಗೆಯ ಕೊಳವೆಯು ಸಿಡಿದು, ಗಾಯವಾಯಿತು.