ರಸಪುರಿಗೆ ಕಾಯೋಣ, ಕಾರ್ಬೈಡ್ ಬೇಡ

ರಸಪುರಿಯನ್ನು ಚಾಕುವಿನಿಂದ ಹೋಳು ಮಾಡಿ ತಟ್ಟೆಯಲ್ಲಿಡುವುದು ಆ ಹಣ್ಣಿಗೆ ಒಪ್ಪುವ ಕ್ರಮವಲ್ಲ. ಎರಡು ಅಂಗೈಗಳ ನಡುವೆ ಮೆಲ್ಲಗೆ ಹಿಸುಕಿ, ತೊಟ್ಟಿನ ಕಡೆ ಚೂರು ಸಿಪ್ಪೆ ಕಿತ್ತು, ಬಾಯಿಗಿಟ್ಟು ಚೀಪಬೇಕು. ಸುಮಾರು 500 ವರ್ಷಗಳ ಹಿಂದೆ ಬಾಬರ್ ಬಾದಶಹ ತನ್ನ ಆತ್ಮಕಥೆಯಲ್ಲಿ ಮಾವು ತಿನ್ನುವ ಎರಡು ಬಗೆ ಬರೆದಿದ್ದಾನೆ. ಸಿಪ್ಪೆ ಸುಲಿದು ತಿನ್ನುವುದು ಒಂದಾದರೆ, ಹಿಸುಕಿ ತೂತು ಮಾಡಿ ರಸ ಹೀರುವುದು ಇನ್ನೊಂದು. ರಸಪುರಿ ಈ ಎರಡನೆಯ ಬಗೆಗೆಂದೇ ಹುಟ್ಟಿದ ಹಣ್ಣು.

ಚಿಂತಾಮಣಿಯಿಂದ ಪಕ್ಕದ ಶ್ರೀನಿವಾಸಪುರದವರೆಗೆ ಮಾವಿನ ತೋಪುಗಳ ಸೀಮೆ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗುವ ಮೊದಲು ಇದೆಲ್ಲ ಒಂದೇ ಕೋಲಾರ ಜಿಲ್ಲೆ. ಬಾದಾಮಿಗೆ ಹೆಸರಿದೆ, ದೂರದ ಊರಿಗೂ ಹೋಗುತ್ತದೆ. ತೋತಾಪುರಿ ಲಾರಿ ಹತ್ತಿ ಪಲ್ಪ್ ಕಾರ್ಖಾನೆ ಸೇರುತ್ತದೆ. ಹಳೆ ಮೈಸೂರು ಸೀಮೆಯ ಮನೆಗಳು ತಮಗಾಗಿ ಇಟ್ಟುಕೊಂಡ ಹಣ್ಣು ರಸಪುರಿ. ಮಧ್ಯಮ ಗಾತ್ರ, ಕಡಿಮೆ ನಾರು, ಗಾಢ ಬಣ್ಣದ ತಿರುಳು, ಬಾಯಿ ತುಂಬಾ ರಸ. ಸಿಹಿಯ ಹಿಂದೆಯೇ ಒಂದೆಳೆ ಹುಳಿ ಇರುವುದರಿಂದ ಬಾಯಿ ಕಟ್ಟುವುದಿಲ್ಲ. ಮೇ ಮತ್ತು ಜೂನ್ ಇದರ ಕಾಲ. ಕೊರತೆಯೆಂದರೆ ಒಂದೇ: ಹಣ್ಣಾದ ಮೇಲೆ ಹೆಚ್ಚು ದಿನ ತಾಳದು. ಕಾಯಿಸಿಕೊಳ್ಳುತ್ತದೆ, ತಾನು ಮಾತ್ರ ಕಾಯುವುದಿಲ್ಲ.

ವ್ಯಾಪಾರಿಯ ಅವಸರ ಇಲ್ಲೇ ಶುರುವಾಗುತ್ತದೆ. ಬಲಿಯದ ಕಾಯಿ ಗಟ್ಟಿಯಾಗಿರುತ್ತದೆ, ಸಾಗಿಸಲು ಸುಲಭ. ಮಂಡಿಗೆ ಮೊದಲು ಬಂದರೆ ಬೆಲೆಯೂ ಹೆಚ್ಚು. ಆ ಕಾಯಿಗೆ ಬಣ್ಣ ಬರಿಸಲು ಕ್ರೇಟಿನೊಳಗೆ ಕ್ಯಾಲ್ಸಿಯಂ ಕಾರ್ಬೈಡ್ ಪೊಟ್ಟಣ ಸೇರುತ್ತದೆ. ತೇವ ತಗುಲಿದ ಕಾರ್ಬೈಡ್‌ನಿಂದ ಅಸಿಟಿಲೀನ್ ಅನಿಲ ಹೊರಡುತ್ತದೆ. ವೆಲ್ಡಿಂಗ್ ಅಂಗಡಿಯಲ್ಲಿ ಉರಿಯುವುದೂ ಇದೇ ಅನಿಲ. ಕಾರ್ಬೈಡ್‌ನಲ್ಲಿ ಆರ್ಸೆನಿಕ್, ರಂಜಕದ ಅಂಶಗಳೂ ಬೆರೆತಿರಬಹುದು. ಗಂಟಲುರಿ, ತಲೆಸುತ್ತು, ವಾಂತಿ ಇದರ ತೊಂದರೆಗಳು. ಕ್ರೇಟು ತುಂಬುವ, ಇಳಿಸುವ ಕೂಲಿ ಹುಡುಗರಿಗೆ ತಿನ್ನುವವರಿಗಿಂತ ಹೆಚ್ಚು ಅಪಾಯ. ಈ ವಿಧಾನದಿಂದ ಹಣ್ಣು ಮಾಗಿಸುವುದನ್ನು 2011ರ ಆಹಾರ ಸುರಕ್ಷತಾ ನಿಯಮಗಳು ನಿಷೇಧಿಸಿವೆ. ಹಣ್ಣು ಮಾಗುವಾಗ ತಾನೇ ಬಿಡುವ ಎಥಿಲೀನ್ ಅನಿಲವನ್ನು ದಶಲಕ್ಷಕ್ಕೆ 100 ಭಾಗದವರೆಗೆ ಬಳಸಲು ಮಾತ್ರ ಅನುಮತಿ ಇದೆ. ಕ್ರೇಟಿನಲ್ಲಿ ಕಾರ್ಬೈಡ್ ಪೊಟ್ಟಣ ಕಂಡರೆ ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡಿ.

ಅವಸರದ ಬೇರು ಇನ್ನೂ ಹಿಂದಿದೆ. ಹೂವು ಬಿಟ್ಟಾಗಲೇ ತೋಪನ್ನು ಗುತ್ತಿಗೆ ಹಿಡಿದವರು ಹಾಕಿದ ಬಂಡವಾಳ ಬೇಗ ವಾಪಸ್ ಬರಲೆಂದು ಬೇಗ ಕೀಳಿಸುತ್ತಾರೆ. ಫಸಲು ಕೆಂಪಿಗೋ ಹಳದಿಗೋ ತಿರುಗಿ ಅದರ ಗುಣ ತಿಳಿಯುವ ಮುನ್ನ ಮಾರುವುದನ್ನು ಪ್ರವಾದಿ ಮುಹಮ್ಮದ್(ಸ) ತಡೆದ ವಿಷಯ ಬುಖಾರಿ, ಮುಸ್ಲಿಮ್ ಎರಡೂ ಸಂಗ್ರಹಗಳಲ್ಲಿದೆ. ಫಸಲು ಕೈಕೊಟ್ಟರೆ ಪಡೆದ ಹಣಕ್ಕೆ ಯಾವ ಹಕ್ಕು ಎಂಬುದು ಅಲ್ಲಿರುವ ಪ್ರಶ್ನೆ. ಫಿಕ್‌ಹ್‌ನ ವಿವರವನ್ನು ಉಲಮಾಗಳನ್ನು ಕೇಳಿ. ನನ್ನ ಕಣ್ಣಿಗೆ ಕಾಣುವುದು ಹೊಟ್ಟೆಯ ಮಾತು: ಹೂವಿನಲ್ಲೇ ಮಾರಿದ ತೋಪಿನ ಅವಸರ ಕೊನೆಗೆ ಮಗುವಿನ ತಟ್ಟೆಗೆ ಬಂದು ಮುಟ್ಟುತ್ತದೆ. ನಮ್ಮ ಓದುಗರಲ್ಲಿ ಮಾವಿನ ವ್ಯಾಪಾರಿಗಳೂ ಇದ್ದೀರಿ, ಅದಕ್ಕೇ ಇದನ್ನು ಬರೆದೆ.

ಹಾಗಾದರೆ ಮನೆಯಲ್ಲಿ ಏನು ಮಾಡಬಹುದು? ಸಾಧ್ಯವಾದರೆ ಹಣ್ಣು ಕೊಳ್ಳಬೇಡಿ, ಬಲಿತ ಕಾಯಿ ಕೊಳ್ಳಿ. ತೊಟ್ಟಿನ ಸುತ್ತ ಭುಜ ತುಂಬಿ ಮೇಲೆದ್ದಿದ್ದರೆ ಅದು ಬಲಿತಿದೆ. ಬುಟ್ಟಿಯಲ್ಲಿ ಒಣ ಹುಲ್ಲು ಹಾಸಿ ಅಡೆ ಹಾಕಿ. ಹುಲ್ಲಿಲ್ಲದಿದ್ದರೆ ಹಳೆ ಪತ್ರಿಕೆಯಲ್ಲಿ ಸುತ್ತಿ ರಟ್ಟಿನ ಡಬ್ಬಿಯಲ್ಲಿಡಿ, ಜೊತೆಗೆ ಒಂದು ಮಾಗಿದ ಬಾಳೆಹಣ್ಣಿರಲಿ. ದಿನವೂ ತೆರೆದು ನೋಡಿ, ಕೊಳೆತದ್ದನ್ನು ಎತ್ತಿಬಿಡಿ. ಸುಮಾರು ಒಂದು ವಾರದೊಳಗೆ ತೊಟ್ಟಿನ ಬಳಿ ಮೂಗಿಟ್ಟರೆ ಹಣ್ಣೇ ಉತ್ತರ ಹೇಳುತ್ತದೆ. ಮೈಯೆಲ್ಲ ಒಂದೇ ಸಮ ಹಳದಿ, ಪರಿಮಳ ಮಾತ್ರ ಇಲ್ಲ, ಒಳಗೆ ಗೊರಟೆಯ ಹತ್ತಿರ ಬಿಳಿಚಿಕೊಂಡು ಹುಳಿ ಎಂದಾದರೆ ಅದು ಎಳೆಯ ಕಾಯಿಗೆ ಬಣ್ಣ ಬರಿಸಿದ್ದು.

ಯುನಾನಿಯಲ್ಲಿ ಮಾಗಿದ ಮಾವಿನ ಮಿಜಾಜ್ ಗರ್ಮ್-ತರ್, ಅಂದರೆ ಬಿಸಿ ಮತ್ತು ತೇವ. ಹುಳಿ ಮಾವಿನಕಾಯಿ ಇದಕ್ಕೆ ತದ್ವಿರುದ್ಧ, ಸರ್ದ್-ಖುಷ್ಕ್. ಆದ್ದರಿಂದ ಬಡಕಲು ಮೈಯವರಿಗೆ, ಒಣಕಲು ಪ್ರಕೃತಿಯವರಿಗೆ, ಮಲಬದ್ಧತೆ ಇರುವವರಿಗೆ ಮಾಗಿದ ರಸಪುರಿ ಒಗ್ಗುತ್ತದೆ. ಅದರ ಬಿಸಿಯನ್ನು ಹದಕ್ಕೆ ತರುವ ಮುಸ್ಲಿಹ್ ಎಂದು ಹಕೀಮರು ಹೇಳುವುದು ಹಾಲನ್ನು. ಪ್ರವಾದಿಯವರು(ಸ) ಹಸಿ ಖರ್ಜೂರವನ್ನು ಸೌತೆಕಾಯಿಯ ಜೊತೆ ಸೇವಿಸುತ್ತಿದ್ದುದರಲ್ಲೂ ಇದೇ ಹದವನ್ನು ಹಕೀಮರು ಕಂಡಿದ್ದಾರೆ.

ಮಾವು ತಿಂದರೆ ಬಾಯಿ ಸುತ್ತ ಗುಳ್ಳೆ ಏಳುತ್ತದೆ, ಅದು ಉಷ್ಣ ಎಂದು ಬಹಳ ಜನ ಹೇಳುತ್ತಾರೆ. ಹಲವು ಸಲ ಅದು ಉಷ್ಣವಲ್ಲ, ತೊಟ್ಟಿನ ಸೊನೆ ಚರ್ಮಕ್ಕೆ ತಾಗಿ ಆದದ್ದು. ಚೀಪಿ ತಿನ್ನುವ ಹಣ್ಣಿನಲ್ಲಿ ಇದಕ್ಕೆ ಅವಕಾಶ ಹೆಚ್ಚು. ಒಂದು ಗಂಟೆ ತಣ್ಣೀರಿನಲ್ಲಿ ನೆನೆಸಿ, ತೊಟ್ಟು ಕಿತ್ತು, ಮೊದಲ ಹನಿ ಹಿಂಡಿ ಚೆಲ್ಲಿ, ಮತ್ತೊಮ್ಮೆ ತೊಳೆದು ಮಕ್ಕಳ ಕೈಗೆ ಕೊಡಿ.

ಶಿಡ್ಲಘಟ್ಟದ ರೇಷ್ಮೆ ರೀಲಿಂಗ್ ಮನೆಗಳಲ್ಲಿ ಬಿಸಿನೀರಿನ ಆವಿಯ ಮುಂದೆ ದಿನವಿಡೀ ದುಡಿಯುವವರಿಗೂ, ಗೌರಿಬಿದನೂರಿನ ಬಿಸಿಲಲ್ಲಿ ಹೊಲದ ಕೆಲಸದವರಿಗೂ ಹಣ್ಣಿಗಿಂತ ಕೈರಿ ಶರಬತ್ತು ಮೇಲು. ಮಾವಿನಕಾಯಿ ಬೇಯಿಸಿ, ತಿರುಳು ಕಿವುಚಿ, ನೀರು, ಉಪ್ಪು, ಜೀರಿಗೆ, ಸ್ವಲ್ಪ ಬೆಲ್ಲ ಸೇರಿಸಿದರೆ ಸಾಕು. ರಕ್ತದೊತ್ತಡ ಇರುವವರು ಉಪ್ಪು ಕಡಿಮೆ ಮಾಡಿ.

ಇನ್ನು ಸಕ್ಕರೆ ಕಾಯಿಲೆಯವರ ಪ್ರಶ್ನೆ. ನೂರು ಗ್ರಾಂ ಮಾವಿನ ತಿರುಳಿನಲ್ಲಿ ಸುಮಾರು 15 ಗ್ರಾಂ ಶರ್ಕರಪಿಷ್ಟ ಇರುತ್ತದೆ, ಹೆಚ್ಚುಕಡಿಮೆ ಒಂದು ಸಣ್ಣ ಚಪಾತಿಯಷ್ಟು. ಸಕ್ಕರೆ ಹತೋಟಿಯಲ್ಲಿದ್ದರೆ ಊಟದಲ್ಲಿ ಒಂದು ಚಪಾತಿ ಬಿಟ್ಟು ಅರ್ಧ ಹಣ್ಣು ತಿನ್ನಬಹುದು. ಹತೋಟಿಯಲ್ಲಿಲ್ಲದವರು ಮೊದಲು ತಮ್ಮ ವೈದ್ಯರನ್ನು ಕೇಳಿ. ಎಲ್ಲರೂ ಬಿಡಬೇಕಾದದ್ದು ರಾತ್ರಿ ಊಟದ ಮೇಲೆ ಬರುವ ಸೀಕರಣೆಯ ಬಟ್ಟಲು. ಒಂದು ರಸಪುರಿ ಚೀಪಲು ಹತ್ತು ನಿಮಿಷ ಬೇಕು, ಅಷ್ಟರಲ್ಲಿ ಆಸೆ ತೀರಿರುತ್ತದೆ. ಸೀಕರಣೆಯಾದರೆ ಮೂರು ನಾಲ್ಕು ಹಣ್ಣು, ಮೇಲೆ ಸಕ್ಕರೆ, ಎರಡೇ ನಿಮಿಷದಲ್ಲಿ ಒಳಗೆ ಹೋಗಿರುತ್ತದೆ. ಮೂತ್ರಪಿಂಡ ಸೋತವರು, ಡಯಾಲಿಸಿಸ್‌ನಲ್ಲಿರುವವರು ಮಾವಿನಲ್ಲಿರುವ ಪೊಟ್ಯಾಸಿಯಂ ಕಾರಣಕ್ಕೆ ವೈದ್ಯರನ್ನು ಕೇಳದೆ ಒಂದು ಹೋಳನ್ನೂ ಮುಟ್ಟಬೇಡಿ. ಜೂನ್ ಕಳೆಯುವ ಹೊತ್ತಿಗೆ ರಸಪುರಿ ಮುಗಿಯುತ್ತಾ ಬರುತ್ತದೆ, ನೇರಳೆ ಬಂದಿರುತ್ತದೆ. ಮಾವಿನ ಮೇಲೆ ನಾಲ್ಕು ನೇರಳೆ ಹಣ್ಣು ತಿನ್ನುವ ಹಿರಿಯರ ರೂಢಿಯೂ ಹದ ನೋಡಿ ಮಾಡಿದ್ದೇ.