ಹತ್ತನೇ ತರಗತಿಯ ನಂತರ ಯಾವ ವಿಷಯ?

ಎಸ್ಸೆಸ್ಸೆಲ್ಸಿ ಫಲಿತಾಂಶ ಪ್ರಕಟವಾದ ದಿನದಿಂದ ಪದವಿಪೂರ್ವ ಕಾಲೇಜುಗಳ ದಾಖಲಾತಿ ಮುಗಿಯುವವರೆಗಿನ ಕೆಲವೇ ವಾರಗಳಲ್ಲಿ, ಹದಿನಾರರ ಆಸುಪಾಸಿನ ಮಕ್ಕಳ ಮುಂದಿನ ಓದು ಯಾವ ದಿಕ್ಕು ಹಿಡಿಯುತ್ತದೆ ಎಂಬುದು ಹೆಚ್ಚುಕಡಿಮೆ ನಿಶ್ಚಯವಾಗಿಬಿಡುತ್ತದೆ. ಇಷ್ಟು ದೊಡ್ಡ ನಿರ್ಧಾರವನ್ನು ಬಹಳಷ್ಟು ಕುಟುಂಬಗಳು ಒಟ್ಟು ಶೇಕಡಾವಾರು ಅಂಕ, ನೆಂಟರಿಷ್ಟರ ಮಕ್ಕಳು ಆರಿಸಿಕೊಂಡ ವಿಷಯ ಮತ್ತು ಹತ್ತಿರದಲ್ಲಿ ಸಿಗುವ ಕಾಲೇಜು ಎಂಬ ಮೂರು ಆಧಾರಗಳ ಮೇಲೆಯೇ ಕೈಗೊಳ್ಳುತ್ತವೆ. ಬೀದರ್ ಜಿಲ್ಲೆಯ ಭಾಲ್ಕಿ ತಾಲ್ಲೂಕಿನ ಖಟಕ ಚಿಂಚೋಳಿಯಂಥ ಹೋಬಳಿ ಕೇಂದ್ರದಲ್ಲಾಗಲಿ, ರಾಜ್ಯದ ಗಡಿಗೆ ಹೊಂದಿಕೊಂಡ ಔರಾದ್ ತಾಲ್ಲೂಕಿನ ಹಳ್ಳಿಗಳಲ್ಲಾಗಲಿ, ಈ ಮೂರರಲ್ಲಿ ಕೊನೆಯದೇ ಅನೇಕ ವೇಳೆ ಉಳಿದೆರಡನ್ನು ಮೀರಿಸುತ್ತದೆ. ಅದರಲ್ಲೂ ಹೆಣ್ಣುಮಕ್ಕಳ ವಿಷಯದಲ್ಲಿ, ಮಗಳು ಏನನ್ನು ಓದಬೇಕೆಂಬ ಪ್ರಶ್ನೆಗಿಂತ ಮೊದಲು ಆಕೆ ಯಾವ ಬಸ್ಸಿನಲ್ಲಿ ಹೋಗಿ ಯಾವ ಬಸ್ಸಿನಲ್ಲಿ ಮರಳಬೇಕೆಂಬ ಪ್ರಶ್ನೆಯೇ ಮನೆಯಲ್ಲಿ ಚರ್ಚೆಗೆ ಬರುತ್ತದೆ.

ಕರ್ನಾಟಕದ ಪದವಿಪೂರ್ವ ಶಿಕ್ಷಣದಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ಎರಡು ಭಾಷೆಗಳನ್ನೂ ನಾಲ್ಕು ಐಚ್ಛಿಕ ವಿಷಯಗಳನ್ನೂ ಎರಡು ವರ್ಷ ಅಭ್ಯಾಸ ಮಾಡಿ, ಕೊನೆಗೆ 600 ಅಂಕಗಳ ಪರೀಕ್ಷೆಯನ್ನು ಎದುರಿಸುತ್ತಾನೆ. ಈ ನಾಲ್ಕು ಐಚ್ಛಿಕ ವಿಷಯಗಳ ಗುಂಪನ್ನೇ ಬಳಕೆಯ ಮಾತಿನಲ್ಲಿ ಕಾಂಬಿನೇಷನ್ ಎನ್ನುತ್ತಾರೆ. ವಿಜ್ಞಾನ ವಿಭಾಗದಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳ ಜೊತೆಗೆ ಜೀವಶಾಸ್ತ್ರ ಸೇರಿದರೆ ಅದು ಪಿಸಿಎಂಬಿ, ಗಣಕ ವಿಜ್ಞಾನ ಸೇರಿದರೆ ಪಿಸಿಎಂಸಿ. ವಾಣಿಜ್ಯ ವಿಭಾಗದಲ್ಲಿ ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಮತ್ತು ಲೆಕ್ಕಶಾಸ್ತ್ರಗಳ ಜೊತೆಗೆ ಸಂಖ್ಯಾಶಾಸ್ತ್ರವೋ ಇತಿಹಾಸವೋ ಗಣಕ ವಿಜ್ಞಾನವೋ ನಾಲ್ಕನೆಯದಾಗುತ್ತದೆ. ಕಲಾ ವಿಭಾಗದಲ್ಲಿ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರಗಳ ಗುಂಪು ಎಲ್ಲೆಡೆ ರೂಢಿಯಲ್ಲಿದೆ. ಕಾಗದದ ಮೇಲೆ ಇಂಥ ಗುಂಪುಗಳು ಹತ್ತಾರಿದ್ದರೂ ಸಣ್ಣ ಊರಿನ ಕಾಲೇಜಿನಲ್ಲಿ ಅವುಗಳ ಪೈಕಿ ಕೆಲವು ಮಾತ್ರ ಸಿಗುತ್ತವೆ. ಮಗುವಿನ ಒಲವಿಗೆ ತಕ್ಕ ವಿಷಯ ಊರಿನಲ್ಲಿ ಇಲ್ಲವಾದಾಗ ಭಾಲ್ಕಿಗೋ ಬೀದರಿಗೋ ಹೋಗುವ ದಾರಿಯನ್ನು ಮೊದಲು ಪರಿಶೀಲಿಸುವುದು ನ್ಯಾಯ; ಹಿಂದುಳಿದ ವರ್ಗಗಳ ಮತ್ತು ಸಮಾಜ ಕಲ್ಯಾಣ ಇಲಾಖೆಯ ವಿದ್ಯಾರ್ಥಿನಿಲಯಗಳಿರುವುದರಿಂದಲೂ, 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಸರ್ಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣ ದೊರೆತಿರುವುದರಿಂದಲೂ, ದೂರದ ಕಾಲೇಜು ದುಬಾರಿ ಎಂಬ ಹಳೆಯ ಕಾರಣಕ್ಕೆ ಈಗ ಮೊದಲಿನ ಬಲವಿಲ್ಲ.

ಆಯ್ಕೆಗೆ ಮುನ್ನ ಅಂಕಪಟ್ಟಿಯನ್ನು ಸರಿಯಾಗಿ ಓದುವುದು ಅಗತ್ಯ. ಇದುವರೆಗೆ ನಡೆದುಬಂದ ಪದ್ಧತಿಯಂತೆ ಎಸ್ಸೆಸ್ಸೆಲ್ಸಿಯ ಒಟ್ಟು 625 ಅಂಕಗಳಲ್ಲಿ ಪ್ರಥಮ ಭಾಷೆಗೆ 125, ಉಳಿದೆರಡು ಭಾಷೆಗಳಿಗೆ ತಲಾ 100, ಅಂದರೆ ಭಾಷೆಗಳಿಗೇ 325 ಅಂಕಗಳಿದ್ದು, ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಮೂರಕ್ಕೂ ಸೇರಿ 300 ಅಂಕಗಳಿವೆ. ಭಾಷೆಗಳಲ್ಲಿ 317, ಸಮಾಜ ವಿಜ್ಞಾನದಲ್ಲಿ 97, ಗಣಿತ ಮತ್ತು ವಿಜ್ಞಾನಗಳಲ್ಲಿ ತಲಾ 74 ಅಂಕ ಪಡೆದ ವಿದ್ಯಾರ್ಥಿನಿಯೊಬ್ಬಳನ್ನು ಊಹಿಸಿಕೊಂಡರೆ, ಆಕೆಯ ಒಟ್ಟು ಅಂಕ 562, ಅಂದರೆ ಬಹುತೇಕ ಶೇ. 90, ಮನೆಯವರೂ ಶಾಲೆಯವರೂ ಆಕೆಯನ್ನು ವಿಜ್ಞಾನಕ್ಕೆ ಕಳಿಸಲು ಎರಡನೇ ಯೋಚನೆಯನ್ನೇ ಮಾಡುವುದಿಲ್ಲ. ಆದರೆ ಗಣಿತದ 74ರಲ್ಲಿ ಶಾಲೆಯೇ ನೀಡುವ ಆಂತರಿಕ ಮೌಲ್ಯಮಾಪನದ 20 ಅಂಕಗಳು ಪೂರ್ತಿಯಾಗಿ ಸೇರಿದ್ದರೆ, ಲಿಖಿತ ಪರೀಕ್ಷೆಯಲ್ಲಿ ಆಕೆ ಗಳಿಸಿದ್ದು 80ಕ್ಕೆ 54 ಮಾತ್ರ. ಈ ಸಂಖ್ಯೆ ಆಕೆ ವಿಜ್ಞಾನ ಓದಬಾರದೆಂದು ಹೇಳುವುದಿಲ್ಲ. ಬೀಜಗಣಿತ ಮತ್ತು ತ್ರಿಕೋನಮಿತಿಯಲ್ಲಿ ಎಲ್ಲಿ ತೊಡಕಿದೆ ಎಂಬುದನ್ನು ಕಾಲೇಜು ಆರಂಭವಾಗುವ ಮೊದಲೇ ಗುರುತಿಸಿ ಸರಿಪಡಿಸಬೇಕೆಂದು ಹೇಳುತ್ತದೆ. ಅದೇ ಅಂಕಪಟ್ಟಿ ಆಕೆಯ ಭಾಷೆಯ ಮತ್ತು ಸಮಾಜ ವಿಜ್ಞಾನದ ಬಲವನ್ನೂ ತೋರಿಸುತ್ತಿದೆ, ಆ ಬಲವನ್ನು ಕೊರತೆಯಂತೆ ಕಾಣುವ ರೂಢಿ ಮಾತ್ರ ನಮ್ಮ ಮನೆಗಳಲ್ಲಿ ಬೇರೂರಿಬಿಟ್ಟಿದೆ.

ಎರಡನೆಯ ಹೆಜ್ಜೆ ಉದ್ಯೋಗದಿಂದ ಹಿಂದಕ್ಕೆ ಬರುವುದು: ಒಂದು ವೃತ್ತಿಗೆ ಯಾವ ಪದವಿ ಬೇಕು, ಆ ಪದವಿಗೆ ಯಾವ ಪ್ರವೇಶ ಪರೀಕ್ಷೆ, ಆ ಪರೀಕ್ಷೆಗೆ ಪಿಯುಸಿಯಲ್ಲಿ ಯಾವ ವಿಷಯ ಕಡ್ಡಾಯ ಎಂದು ಕ್ರಮವಾಗಿ ಕೇಳಿಕೊಳ್ಳುವುದು. ವೈದ್ಯಕೀಯ ಶಿಕ್ಷಣದ ನೀಟ್ ಪರೀಕ್ಷೆಯಲ್ಲಿ 720 ಅಂಕಗಳಿದ್ದು, ಅವುಗಳಲ್ಲಿ ಅರ್ಧದಷ್ಟು, ಅಂದರೆ 360, ಜೀವಶಾಸ್ತ್ರಕ್ಕೇ ಮೀಸಲಾಗಿವೆ. ಗಣಿತದ ಪ್ರಶ್ನೆ ಅಲ್ಲಿ ಇಲ್ಲ. ಎಂಜಿನಿಯರಿಂಗ್ ಪ್ರವೇಶಕ್ಕೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಸಿಇಟಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಗಣಿತದ ಅಂಕಗಳಿಗೆ ಅರ್ಧ ತೂಕವೂ, ಅದೇ ವಿಷಯಗಳ ಪಿಯುಸಿ ಅಂಕಗಳಿಗೆ ಉಳಿದರ್ಧ ತೂಕವೂ ಇರುವುದರಿಂದ, ಪ್ರವೇಶ ಪರೀಕ್ಷೆಯ ಭರದಲ್ಲಿ ಕಾಲೇಜಿನ ಪರೀಕ್ಷೆಯನ್ನು ಹಗುರವಾಗಿ ಕಂಡವರು ನಷ್ಟ ಅನುಭವಿಸುತ್ತಾರೆ. ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ವಾಯುಪಡೆ ಮತ್ತು ನೌಕಾಪಡೆಯ ವಿಭಾಗಗಳಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಗಣಿತ ಬೇಕೇ ಬೇಕು, ಭೂಸೇನೆಗೆ ಯಾವ ವಿಭಾಗದವರಾದರೂ ಅರ್ಹರು. ವಾಯುಪಡೆಯ ತರಬೇತಿ ನೆಲೆ ಇರುವ ಬೀದರ್‌ನಲ್ಲಿ ಚಿಕ್ಕಂದಿನಿಂದ ವಿಮಾನಗಳನ್ನು ನೋಡುತ್ತ ಬೆಳೆದ ಮಕ್ಕಳಿಗೆ ಈ ಒಂದು ವ್ಯತ್ಯಾಸ ಮೊದಲೇ ತಿಳಿದಿರಬೇಕು.

ಜಿಲ್ಲೆಯಲ್ಲಿ ವಿಜ್ಞಾನ ಎಂದರೆ ಡಾಕ್ಟರ್ ಅಥವಾ ಎಂಜಿನಿಯರ್ ಎಂಬ ತಿಳಿವಳಿಕೆ ಗಟ್ಟಿಯಾಗಿದೆ. ಇದಕ್ಕೆ ಕಾರಣಗಳೂ ಇವೆ: 1989ರಲ್ಲಿ ಬೀದರ್‌ನಲ್ಲಿ ಆರಂಭವಾದ ಶಾಹೀನ್ ಶಿಕ್ಷಣ ಸಂಸ್ಥೆ ನೀಟ್ ತರಬೇತಿಗಾಗಿ ಹೊರರಾಜ್ಯದ ಮಕ್ಕಳನ್ನೂ ಸೆಳೆಯುತ್ತದೆ, ನಗರದಲ್ಲಿ ಸರ್ಕಾರಿ ವೈದ್ಯಕೀಯ ಸಂಸ್ಥೆಯಾದ ಬ್ರಿಮ್ಸ್ ಮತ್ತು ಗುರುನಾನಕ್ ದೇವ್ ಎಂಜಿನಿಯರಿಂಗ್ ಕಾಲೇಜು ಇವೆ, ಭಾಲ್ಕಿಯಲ್ಲಿ ಭೀಮಣ್ಣ ಖಂಡ್ರೆ ತಾಂತ್ರಿಕ ವಿದ್ಯಾಲಯವಿದೆ. ಆದರೆ ಇದೇ ಬೀದರ್‌ನ ನಂದಿನಗರದಲ್ಲಿ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರ ಕಚೇರಿ ಇದೆ ಎಂಬುದನ್ನೂ, ಇಡೀ ರಾಜ್ಯಕ್ಕೆ ಇಂಥ ವಿಶ್ವವಿದ್ಯಾಲಯ ಒಂದೇ ಎಂಬುದನ್ನೂ ಪಿಸಿಎಂಬಿ ಸೇರುವ ಎಷ್ಟು ಮಕ್ಕಳು ಗಮನಕ್ಕೆ ತಂದುಕೊಳ್ಳುತ್ತಾರೆ? ದೇವಣಿ ತಳಿಯ ದನ, ಉಸ್ಮಾನಾಬಾದಿ ಮೇಕೆಗಳನ್ನು ಸಾಕುವ ಮನೆಯಲ್ಲಿ ಬೆಳೆದು, ಕರು ಹಾಕುವ ಹಸುವಿನ ಪಕ್ಕದಲ್ಲಿ ರಾತ್ರಿಯೆಲ್ಲ ಎಚ್ಚರವಿದ್ದ ಹುಡುಗನಿಗೆ ಪಶುವೈದ್ಯ ವಿಜ್ಞಾನ ಅಪರಿಚಿತ ಲೋಕವಲ್ಲ. ಕೃಷಿ, ತೋಟಗಾರಿಕೆ, ಪಶುವೈದ್ಯಕೀಯ ಪದವಿಗಳಲ್ಲಿ ಕೃಷಿಕರ ಮಕ್ಕಳಿಗೆಂದೇ ಮೀಸಲಾದ ಸೀಟುಗಳಿದ್ದು, ಅವುಗಳಿಗಾಗಿ ನಡೆಯುವ ಪ್ರಾಯೋಗಿಕ ಪರೀಕ್ಷೆಯಲ್ಲಿ ಬೀಜ, ಗೊಬ್ಬರ, ಕೃಷಿ ಉಪಕರಣಗಳನ್ನು ಗುರುತಿಸುವಂಥ ತಿಳಿವಳಿಕೆಯನ್ನು ಅಳೆಯುತ್ತಾರೆ. ಸೋಯಾ, ತೊಗರಿ, ಉದ್ದು ಬೆಳೆಯುವ ಹೊಲದಲ್ಲಿ ಕಳೆ ತೆಗೆದ ಅನುಭವ ಪ್ರವೇಶಕ್ಕೆ ನೇರವಾಗಿ ನೆರವಾಗುವ ಅಪರೂಪದ ಪರೀಕ್ಷೆ ಇದು. ಬೀದರ್‌ನಲ್ಲಿಯೇ ಪಶುವೈದ್ಯಕೀಯ ಮಹಾವಿದ್ಯಾಲಯವೂ ತೋಟಗಾರಿಕೆ ಮಹಾವಿದ್ಯಾಲಯವೂ ಇರುವಾಗ ಈ ದಾರಿಯನ್ನು ಎರಡನೆಯ ದರ್ಜೆಯದೆಂದು ಎಣಿಸುವುದು ತಪ್ಪು. ಬಿಎಸ್ಸಿ ನರ್ಸಿಂಗ್ ಮತ್ತು ಔಷಧ ವಿಜ್ಞಾನದ ಬಿ ಫಾರ್ಮಾ ಪದವಿಗಳಿಗೂ ಇದೇ ವಿಜ್ಞಾನ ವಿಷಯಗಳು ಬುನಾದಿ.

ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳನ್ನು ಕಾಡುವ ತೊಡಕು ಬೇರೆ. ವೇಗೋತ್ಕರ್ಷ, ದ್ಯುತಿಸಂಶ್ಲೇಷಣೆ ಎಂದು ಹತ್ತು ವರ್ಷ ಕಲಿತವರು ಜೂನ್ ತಿಂಗಳಲ್ಲಿ ಏಕಾಏಕಿ ಇಂಗ್ಲಿಷ್ ಪಠ್ಯವನ್ನೂ ಇಂಗ್ಲಿಷ್ ಬೋಧನೆಯನ್ನೂ ಎದುರಿಸಬೇಕಾಗುತ್ತದೆ. ಮೊದಲ ಕಿರುಪರೀಕ್ಷೆಯಲ್ಲಿ ಅಂಕ ಕುಸಿದಾಗ ತಮಗೆ ವಿಜ್ಞಾನವೇ ಒಗ್ಗದು ಎಂದು ನಂಬಿ ವಿಭಾಗ ಬದಲಿಸುವವರಲ್ಲಿ ವಿಷಯವನ್ನು ಚೆನ್ನಾಗಿ ಬಲ್ಲವರೂ ಇರುತ್ತಾರೆ. ಮರಾಠಿ ಮತ್ತು ಉರ್ದು ಮಾಧ್ಯಮದ ಮಕ್ಕಳ ಪಾಡೂ ಇದೇ. ನಿಜಾಮರ ಆಳ್ವಿಕೆಯಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಈ ನೆಲದಲ್ಲಿ ಭಾಷೆಯ ಕಾರಣಕ್ಕೆ ಮಗುವೊಂದು ತನ್ನ ಬುದ್ಧಿಯನ್ನೇ ಸಂಶಯಿಸುವುದು ನೋವಿನ ಸಂಗತಿ. ಬೇಸಿಗೆ ರಜೆಯ ಎರಡು ತಿಂಗಳಲ್ಲಿ ಹತ್ತನೆಯ ತರಗತಿಯದೇ ವಿಜ್ಞಾನ ಪುಸ್ತಕದ ಇಂಗ್ಲಿಷ್ ಆವೃತ್ತಿಯನ್ನು ಕನ್ನಡ ಪುಸ್ತಕದ ಪಕ್ಕದಲ್ಲಿಟ್ಟುಕೊಂಡು ಓದುವುದು ಇದಕ್ಕೆ ಸರಳವಾದ, ಖರ್ಚಿಲ್ಲದ ಪರಿಹಾರ. ನೀಟ್ ಪ್ರಶ್ನೆಪತ್ರಿಕೆ ಕನ್ನಡ, ಮರಾಠಿ, ಉರ್ದು ಸೇರಿ 13 ಭಾಷೆಗಳಲ್ಲಿ ಲಭ್ಯವೆಂಬುದೂ ತಿಳಿದಿರಲಿ.

ವಾಣಿಜ್ಯ ವಿಭಾಗದಲ್ಲಿ ಗಣಿತದ ನಂಟನ್ನು ಪೂರ್ತಿ ಕಡಿದುಕೊಳ್ಳದಿರುವುದು ಲೇಸು, ಏಕೆಂದರೆ ಲೆಕ್ಕಪರಿಶೋಧಕರಾಗಲು ಬರೆಯುವ ಸಿಎ ಫೌಂಡೇಶನ್ ಪರೀಕ್ಷೆಯಲ್ಲಿಯೂ ಬ್ಯಾಂಕ್ ನೇಮಕಾತಿಯಲ್ಲಿಯೂ ಲೆಕ್ಕದ ಪ್ರಶ್ನೆಗಳು ತಪ್ಪುವುದಿಲ್ಲ. ಬೇಸಿಕ್ ಮ್ಯಾಥ್ಸ್ ಅಥವಾ ಸಂಖ್ಯಾಶಾಸ್ತ್ರವಿರುವ ಗುಂಪು ಇದಕ್ಕೆ ಅನುಕೂಲ. ಕಲಾ ವಿಭಾಗದ ಮೇಲಿರುವ ತಾತ್ಸಾರಕ್ಕಂತೂ ಆಧಾರವೇ ಇಲ್ಲ. ಐದು ವರ್ಷದ ಕಾನೂನು ಪದವಿ ಯಾವ ವಿಭಾಗದವರಿಗೂ ಮುಕ್ತವಾಗಿದೆ, ಕೆಎಎಸ್ ಮತ್ತು ಪಿಎಸ್ಐ ಹುದ್ದೆಗಳಿಗೆ ಯಾವುದೇ ಪದವಿ ಸಾಕು, ಮತ್ತು ಆ ಪರೀಕ್ಷೆಗಳ ಇತಿಹಾಸ, ಸಂವಿಧಾನ, ಅರ್ಥವ್ಯವಸ್ಥೆಯ ಭಾಗಗಳನ್ನು ಕಲಾ ವಿದ್ಯಾರ್ಥಿ ತರಗತಿಯಲ್ಲಿಯೇ ಓದಿರುತ್ತಾನೆ. 2024ರಲ್ಲಿ 1,000 ಗ್ರಾಮ ಆಡಳಿತಾಧಿಕಾರಿ ಹುದ್ದೆಗಳಿಗೆ ಪಿಯುಸಿಯೇ ವಿದ್ಯಾರ್ಹತೆಯಾಗಿತ್ತು. ಹಿಂದೆ ಪಿಯುಸಿ ಅಂಕಗಳ ಮೇಲೆ ನಡೆಯುತ್ತಿದ್ದ ಆಯ್ಕೆ ಆ ಸಲ ಸ್ಪರ್ಧಾತ್ಮಕ ಪರೀಕ್ಷೆಯ ಮೂಲಕ ನಡೆಯಿತು.

ಈ ಎಲ್ಲ ಲೆಕ್ಕಾಚಾರವನ್ನು ಬೀದರ್‌ನ ಮಟ್ಟಿಗೆ ಬದಲಿಸುವ ಸಂಗತಿ ಸಂವಿಧಾನದ 371(ಜೆ) ಅನುಚ್ಛೇದ. 2012ರ 98ನೇ ತಿದ್ದುಪಡಿಯಿಂದ ಸೇರ್ಪಡೆಯಾದ ಇದರ ಪ್ರಕಾರ ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70ರಷ್ಟು ಸೀಟುಗಳು ಸ್ಥಳೀಯರಿಗೆ, ರಾಜ್ಯದ ಉಳಿದ ಭಾಗದ ಸಂಸ್ಥೆಗಳಲ್ಲಿ ಶೇ. 8ರಷ್ಟು ಸೀಟುಗಳು ಈ ಭಾಗದವರಿಗೆ ಮೀಸಲಾಗಿವೆ. ಪ್ರದೇಶದ ಸರ್ಕಾರಿ ಹುದ್ದೆಗಳಲ್ಲಿ ‘ಎ’ ಮತ್ತು ‘ಬಿ’ ವೃಂದಕ್ಕೆ ಶೇ. 75, ‘ಸಿ’ ವೃಂದಕ್ಕೆ ಶೇ. 80, ‘ಡಿ’ ವೃಂದಕ್ಕೆ ಶೇ. 85 ಮೀಸಲಾತಿ ಇದೆ. ಆದ್ದರಿಂದ ಬೆಂಗಳೂರಿನ ವಿದ್ಯಾರ್ಥಿಗೆ ಕೈಗೆಟುಕದ ಕೋರ್ಸು ಅದೇ ರ‍್ಯಾಂಕಿನ ಔರಾದಿನ ವಿದ್ಯಾರ್ಥಿಗೆ ದೊರೆಯಬಹುದು. ಆದರೆ ಇದಕ್ಕೆ ಉಪವಿಭಾಗದ ಸಹಾಯಕ ಆಯುಕ್ತರು ನೀಡುವ ಅರ್ಹತಾ ಪ್ರಮಾಣಪತ್ರ ಬೇಕು, ಅದನ್ನು ಕೌನ್ಸೆಲಿಂಗ್ ಬಾಗಿಲಿಗೆ ಬಂದ ಮೇಲೆ ಹುಡುಕಹೊರಟರೆ ಪರದಾಟ ತಪ್ಪದು. ಇನ್ನೊಂದು ವಿಚಾರವಂತೂ ಹತ್ತನೇ ತರಗತಿಗೂ ಮೊದಲೇ ತಿಳಿಯಬೇಕಾದದ್ದು. ವೃತ್ತಿಶಿಕ್ಷಣದ ಸೀಟುಗಳಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲಾತಿ ಇದ್ದು, ಎರಡಕ್ಕೂ ಒಂದರಿಂದ ಹತ್ತರವರೆಗಿನ ಪೂರ್ತಿ ಹತ್ತು ವರ್ಷದ ಓದು ಹಾಗೆಯೇ ನಡೆದಿರಬೇಕು. ಎಂಟನೆಯ ತರಗತಿಗೆ ಮಗುವನ್ನು ಖಟಕ ಚಿಂಚೋಳಿಯ ಶಾಲೆ ಬಿಡಿಸಿ ಭಾಲ್ಕಿ ಪಟ್ಟಣದ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದರೆ ಎರಡೂ ಕೈತಪ್ಪುತ್ತವೆ, ಮತ್ತು ಇದು ಸಿಇಟಿ ಅರ್ಜಿ ತುಂಬುವ ದಿನದವರೆಗೆ ಮನೆಯವರಿಗೆ ಗೊತ್ತಾಗುವುದೇ ಇಲ್ಲ.

ಗಡಿಯಾಚೆಯ ಲಾತೂರಿನ ತರಬೇತಿಯ ಸೆಳೆತವೂ ಈ ಭಾಗದಲ್ಲಿ ಬಲವಾಗಿದೆ. ಹತ್ತನೆಯ ತರಗತಿಯನ್ನು ಕರ್ನಾಟಕದಲ್ಲಿ ತೇರ್ಗಡೆಯಾಗಿ, ಒಂದರಿಂದ ಹನ್ನೆರಡರ ನಡುವೆ ಕನಿಷ್ಠ ಏಳು ವರ್ಷ ಇಲ್ಲಿ ಓದಿದವರು ಪಿಯುಸಿಯನ್ನು ಮಹಾರಾಷ್ಟ್ರದಲ್ಲಿ ಮುಗಿಸಿದರೂ ಕರ್ನಾಟಕದ ಸೀಟಿಗೆ ಅರ್ಹತೆ ಉಳಿಸಿಕೊಳ್ಳುತ್ತಾರೆ. ಆದರೂ ಹದಿನಾರರ ಮಗು ಮನೆಯಿಂದ ದೂರ, ವಸತಿ ಕೋಣೆಯೊಂದರಲ್ಲಿ ಎರಡು ವರ್ಷ ಒಂದೇ ಪರೀಕ್ಷೆಗೆ ದುಡಿಯಬಲ್ಲುದೇ ಎಂಬುದನ್ನು ಆ ಮಗುವನ್ನೇ ಕೂರಿಸಿಕೊಂಡು ಕೇಳದೆ ಶುಲ್ಕ ಕಟ್ಟಬಾರದು.

ಆಯ್ಕೆ ತಪ್ಪಿದರೆ ತಿದ್ದಿಕೊಳ್ಳುವ ದಾರಿಗಳು ಕೆಲವು ಇವೆ, ಆದರೆ ಅವು ಎರಡೂ ದಿಕ್ಕಿಗೆ ಸಮನಾಗಿಲ್ಲ. ವಿಜ್ಞಾನ ಓದಿದವರು ಬಿಎ, ಬಿಕಾಂ, ಕಾನೂನು ಸೇರಬಹುದು. ಕಲೆ ಅಥವಾ ವಾಣಿಜ್ಯ ಓದಿದವರು ಎಂಜಿನಿಯರಿಂಗಿಗೆ ಬರಬೇಕಾದರೆ ಪಿಯುಸಿಯ ವಿಜ್ಞಾನ ವಿಷಯಗಳನ್ನೇ ಹೊಸದಾಗಿ ಓದಬೇಕಾಗುತ್ತದೆ. ಜೀವಶಾಸ್ತ್ರವಿಲ್ಲದೆ ಪಿಯುಸಿ ಮುಗಿಸಿದವರು ಅದನ್ನು ಹೆಚ್ಚುವರಿ ವಿಷಯವಾಗಿ ನಂತರ ತೇರ್ಗಡೆಯಾದರೂ ನೀಟ್ ಬರೆಯಬಹುದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರಲ್ಲಿ ಒಪ್ಪಿದೆ. ಪಿಯುಸಿಯೇ ಬೇಡವೆನ್ನುವವರಿಗೆ ಎಸ್ಸೆಸ್ಸೆಲ್ಸಿಯ ನಂತರ ಮೂರು ವರ್ಷದ ಪಾಲಿಟೆಕ್ನಿಕ್ ಡಿಪ್ಲೊಮಾ ಇದೆ, ಅದನ್ನು ಮುಗಿಸಿದವರು ಡಿಸಿಇಟಿ ಪರೀಕ್ಷೆ ಬರೆದು ನೇರವಾಗಿ ಎಂಜಿನಿಯರಿಂಗಿನ ಎರಡನೇ ವರ್ಷಕ್ಕೆ ಸೇರುತ್ತಾರೆ; ಯಂತ್ರದ ಕೆಲಸದಲ್ಲಿ ಕೈ ಪಳಗಿದ, ಆದರೆ ಸಿದ್ಧಾಂತದ ಪುಸ್ತಕಕ್ಕೆ ಇನ್ನೂ ಒಗ್ಗದ ಹುಡುಗನಿಗೆ ಈ ದಾರಿಯಲ್ಲಿ ಒಂದು ವರ್ಷವೂ ವ್ಯರ್ಥವಾಗುವುದಿಲ್ಲ, ಏಕೆಂದರೆ ಡಿಪ್ಲೊಮಾದ ಮೂರು ಮತ್ತು ಪದವಿಯ ಮೂರು ಸೇರಿ ಆರು ವರ್ಷ, ಪಿಯುಸಿಯ ಎರಡು ಮತ್ತು ಪದವಿಯ ನಾಲ್ಕು ಸೇರಿದರೂ ಅಷ್ಟೇ.