ಯಂತ್ರದ ಬಳಿ ಹೊಂಚುವ ಕಾಮಾಲೆ

ಬ್ಯಾಡಗಿ ತಾಲ್ಲೂಕಿನ ಕದರಮಂಡಲಗಿಯು ಕಾಂತೇಶನ ಕ್ಷೇತ್ರ. ಶನಿವಾರ ಬಂತೆಂದರೆ ಸುತ್ತಲ ಊರುಗಳ ಭಕ್ತರು ಹರಕೆ ಹೊತ್ತು ಇಲ್ಲಿಗೆ ಬರುತ್ತಾರೆ. ಆದರೆ ಮೂತ್ರಪಿಂಡಗಳು ಸೋತವನೊಬ್ಬನು ಈ ಊರಿನಲ್ಲಿದ್ದರೆ ಅವನ ಯಾತ್ರೆಯೇ ಬೇರೆ. ಹಾವೇರಿಯ ಜಿಲ್ಲಾಸ್ಪತ್ರೆಯಂತಹ ಡಯಾಲಿಸಿಸ್ ಕೇಂದ್ರಕ್ಕೆ ಹೋಗಿ, ನಾಲ್ಕು ಗಂಟೆಗಳ ಹೊತ್ತು ರಕ್ತವನ್ನು ಯಂತ್ರಕ್ಕೊಪ್ಪಿಸಿ ಮಲಗಬೇಕು. ವಾರಕ್ಕೆ ಮೂರು ಸಲದಂತೆ ಎಣಿಸಿದರೆ ವರ್ಷಕ್ಕೆ ೧೫೬ ಸಲ ಈ ಕಾರ್ಯ ನಡೆಯಬೇಕು. ಪ್ರಾಣವುಳಿಸುವ ಈ ಹಾದಿಯಲ್ಲಿಯೇ ಕಾಣದ ಹಗೆಗಳೆರಡು ಹೊಂಚಿ ಕುಳಿತಿವೆ. ಅವೇ ಯಕೃತ್ತನ್ನು ಕೆಡಿಸುವ ಹೆಪಟೈಟಿಸ್ ‘ಬಿ’ ಮತ್ತು ‘ಸಿ’ ವೈರಸ್‌ಗಳು.

೧೯೬೦ರಲ್ಲಿ ಅಮೆರಿಕದ ಸಿಯಾಟಲ್ ನಗರದ ವೈದ್ಯ ಬೆಲ್ಡಿಂಗ್ ಸ್ಕ್ರಿಬ್ನರ್ ಅವರು ತೋಳಿನ ರಕ್ತನಾಳಗಳಲ್ಲಿ ಕೊಳವೆಯನ್ನು ನೆಲೆಗೊಳಿಸುವ ಉಪಾಯವನ್ನು ಕಂಡುಹಿಡಿದ ಮೇಲೆ, ವರ್ಷಗಟ್ಟಲೆ ಡಯಾಲಿಸಿಸ್ ನಡೆಸುವುದು ಸಾಧ್ಯವಾಯಿತು. ಅದರ ಬೆನ್ನಿಗೇ ಕಾಮಾಲೆಯೂ ಬಂತು. ೧೯೬೯–೭೦ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಅದು ರೋಗಿಗಳನ್ನಷ್ಟೇ ಅಲ್ಲ, ಅವರ ಆರೈಕೆಗೆ ನಿಂತಿದ್ದ ಸಿಬ್ಬಂದಿಯನ್ನೂ ಬಲಿ ತೆಗೆದುಕೊಂಡಿತು. ೧೯೭೨ರಲ್ಲಿ ಬ್ರಿಟನ್ನಿನ ರೋಸೆನ್‌ಹೈಮ್ ಸಮಿತಿಯು ರಕ್ತಪರೀಕ್ಷೆ ಹಾಗೂ ಸೋಂಕಿತರ ಪ್ರತ್ಯೇಕತೆಯ ನಿಯಮಗಳನ್ನು ವಿಧಿಸಿತು.

ತಪ್ಪು ಯಂತ್ರದ್ದೆಂದು ಜನ ಭಾವಿಸುವುದುಂಟು. ಆದರೆ ಬಹುಮಟ್ಟಿಗೆ ರೋಗವನ್ನು ಒಯ್ಯುವುದು ಕೈ. ಒಬ್ಬನನ್ನು ಮುಟ್ಟಿದ ಕೈಗವಸಿನಲ್ಲೇ ಮತ್ತೊಬ್ಬನನ್ನು ಮುಟ್ಟುವುದು, ಒಂದೇ ಔಷಧದ ಸೀಸೆಯನ್ನು ಹಲವರ ಹಾಸಿಗೆಗಳಿಗೆ ಒಯ್ಯುವುದು, ರಕ್ತ ಸಿಡಿದ ಕುರ್ಚಿಯನ್ನು ಒರೆಸದೆ ಬಿಡುವುದು, ಇಷ್ಟೇ ಸಾಕು. ‘ಬಿ’ ವೈರಸ್ ಒಣಗಿದ ರಕ್ತದ ಕಲೆಯಲ್ಲಿಯೂ ಏಳು ದಿನ ಜೀವ ಹಿಡಿದಿರಬಲ್ಲುದು. ಇನ್ನೊಂದು ಮೋಸವೂ ಇದೆ. ಇಂತಹ ರೋಗಿಗಳಲ್ಲಿ ದೇಹದ ಪ್ರತಿರೋಧ ಕುಂದಿರುವುದರಿಂದ ಅನೇಕ ವೇಳೆ ಕಣ್ಣು ಹಳದಿಯಾಗುವುದೇ ಇಲ್ಲ. ರಕ್ತಪರೀಕ್ಷೆಯೊಂದೇ ಗುಟ್ಟನ್ನು ಹೊರಗೆಡಹುತ್ತದೆ.

ಪರಿಹಾರವೂ ಕೈಗೆಟುಕುವಂತಹುದೇ. ‘ಬಿ’ಗೆ ಲಸಿಕೆಯಿದೆ. ಡಯಾಲಿಸಿಸ್ ಆರಂಭವಾಗುವ ಮೊದಲೇ ಅದನ್ನು ಹಾಕಿಸಿಕೊಂಡರೆ ಫಲ ಹೆಚ್ಚು. ತಡವಾದವರಿಗೆ ಇಮ್ಮಡಿ ಪ್ರಮಾಣ ಬೇಕಾಗುತ್ತದೆ. ರಕ್ಷಣೆ ಉಳಿದಿದೆಯೇ ಎಂದು ವರ್ಷಕ್ಕೊಮ್ಮೆ ನೋಡಿಸಬೇಕು. ‘ಬಿ’ ಸೋಂಕಿದವರಿಗೆ ಬೇರೆ ಕೋಣೆ, ಬೇರೆ ಯಂತ್ರ ಅಗತ್ಯ. ೧೯೮೯ರಲ್ಲಿ ಗುರುತಿಸಲ್ಪಟ್ಟ ‘ಸಿ’ಗೆ ಲಸಿಕೆಯಿಲ್ಲ, ಆದರೆ ಸುಮಾರು ಹನ್ನೆರಡು ವಾರ ಮಾತ್ರೆ ನುಂಗಿದರೆ ನೂರಕ್ಕೆ ತೊಂಬತ್ತಕ್ಕೂ ಮಿಕ್ಕಿದವರು ಗುಣವಾಗುತ್ತಾರೆ. ೨೦೧೮ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಔಷಧವೂ ಉಚಿತ.

ಆದುದರಿಂದ ರೋಗಿಯೊಡನೆ ಹೋಗುವ ಮಡದಿಯೋ ಮಗನೋ ಬುತ್ತಿಯ ಜೊತೆಗೆ ಮೂರು ಪ್ರಶ್ನೆಗಳನ್ನೂ ಕಟ್ಟಿಕೊಂಡು ಹೋಗಲಿ: ಲಸಿಕೆ ಆಯಿತೆ? ಕಳೆದ ರಕ್ತಪರೀಕ್ಷೆ ಎಂದು ಆಯಿತು? ಕೈಗವಸು ಬದಲಾಯಿತೆ? ಕೇಳುವುದು ಅವಿನಯವಲ್ಲ. ಎಡಿನ್‌ಬರೋದ ಕಥೆಯನ್ನು ಬಲ್ಲ ದಾದಿಗೆ ಅದು ತನ್ನ ಪ್ರಾಣದ ಕಾಳಜಿಯೂ ಹೌದು.